ಚೀಟಿ ಬರೆಯುವವರು ಡಾಕ್ಟರು, ಬರೆಸುವವರು ಯಾರು?

(ಶಿರಸಿಯಲ್ಲಿ ಗ್ರಾಹಕರಿಗಾಗಿ ನಡೆದ ಸಭೆಯೊಂದರಲ್ಲಿ ಆಡಿದ ಮಾತು. ಮಾತಿನ ಧಾಟಿ ಉಳಿಸಿಕೊಂಡು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗೆ ನಮ್ಮ ದೇಶದಲ್ಲಿ ಜಾಹೀರಾತು ಕೊಡುವ ಹಾಗಿಲ್ಲ. ಶೆಡ್ಯೂಲ್ ಎಚ್, ಎಚ್‌1, ಎಕ್ಸ್ ಅಂತ ಮೂರು ಪಟ್ಟಿಗಳಿವೆ. ಅದರಲ್ಲಿರುವ ಯಾವ ಔಷಧಿಗೂ ಕೇಂದ್ರ ಸರ್ಕಾರದ ಒಪ್ಪಿಗೆ ಮೊದಲೇ ಪಡೆಯದೆ ಜಾಹೀರಾತು ಮಾಡಬಾರದು ಎಂದು ನಿಯಮ ಇದೆ. ಹಾಗಿದ್ದ ಮೇಲೆ ಈ ಸಭೆ ಎಂತಕ್ಕೆ ಅಂತ ನೀವು ಕೇಳಬಹುದು.

ಎಂತಕ್ಕೆ ಅಂದರೆ, ನನ್ನ ಮೆಡಿಕಲ್ ಶಾಪಿನ ಕೌಂಟರಿಗೆ ಬರುವವರು ಈಗ ಚೀಟಿ ತೋರಿಸುವ ಮೊದಲು ಮೊಬೈಲು ತೋರಿಸುತ್ತಾರೆ. ‘ತಮಾ, ಈ ಗುಳಿಗೆ ಇದ್ದನ ನೋಡು’ ಎನ್ನುತ್ತಾರೆ. ತೋರಿಸಿದ್ದು ಯಾರೋ ಮಾಡಿದ ವಿಡಿಯೋದ ಫೋಟೊ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲು ಹೆಸರು ಬರೆದುಕೊಂಡು ಡಾಕ್ಟರ ಹತ್ತಿರ ಹೋಗುತ್ತಾರೆ, ಅದನ್ನೇ ಬರೆಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಚೀಟಿ ಸರಿಯಾಗೇ ಇರುತ್ತದೆ, ಸಹಿ ಇರುತ್ತದೆ, ರಿಜಿಸ್ಟ್ರೇಶನ್ ನಂಬರೂ ಇರುತ್ತದೆ. ಆದರೆ ಆ ಹೆಸರು ಮೊದಲು ಹೊಳೆದದ್ದು ಡಾಕ್ಟರ ತಲೆಯಲ್ಲಿ ಅಲ್ಲ.

ಮನೆಗೆ ಹೋದ ಮೇಲೆ ನಿಮ್ಮ ಔಷಧಿ ಡಬ್ಬಿ ತೆಗೆದು ನೋಡಿ. ಕೆಲವು ಸ್ಟ್ರಿಪ್ಪಿನ ಹಿಂಬದಿ ಎಡಗಡೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಅದು ಅಂದಕ್ಕೆ ಎಳೆದದ್ದಲ್ಲ. ಡಾಕ್ಟರು ಹೇಳದೆ ನುಂಗಬೇಡಿ ಎನ್ನುವುದಕ್ಕೆ ಗುರುತು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಗೆರೆಯ ಬಗ್ಗೆಯೇ ಪ್ರಚಾರ ಮಾಡಿತ್ತು. ಎಚ್‌1 ಪಟ್ಟಿಯದಾದರೆ ಎಚ್ಚರಿಕೆಯ ಸುತ್ತ ಕೆಂಪು ಚೌಕ ಇರುತ್ತದೆ. ಜೋರಿನ ಆಂಟಿಬಯಾಟಿಕ್ಕು, ಕ್ಷಯದ ಔಷಧಿ, ಚಟ ಹಿಡಿಸುವ ಕೆಲವು ಗುಳಿಗೆ ಆ ಪಟ್ಟಿಯಲ್ಲಿವೆ. ಅದನ್ನು ಮಾರಿದಾಗಲೆಲ್ಲ ನಾನು ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು: ಬರೆದುಕೊಟ್ಟ ಡಾಕ್ಟರು ಯಾರು, ರೋಗಿ ಯಾರು, ಔಷಧಿ ಯಾವುದು, ಎಷ್ಟು. ಮೂರು ವರ್ಷ ಆ ಪುಸ್ತಕ ಇಟ್ಟುಕೊಂಡಿರಬೇಕು. 2014ರ ಮಾರ್ಚಿನಿಂದ ಈ ನಿಯಮ ಇದೆ. ಅಂದರೆ ನನ್ನ ಕೈ ಕಟ್ಟುವುದಕ್ಕೆ ಪುಸ್ತಕ ಇದೆ, ಡಾಕ್ಟರ ಸಹಿ ಇದೆ. ನಿಮ್ಮ ಮನಸ್ಸಿಗೆ ಕೈ ಹಾಕುವವರಿಗೆ ಮಾತ್ರ ಯಾವ ರಿಜಿಸ್ಟರೂ ಇಲ್ಲ.

ಔಷಧಿ ಜಾಹೀರಾತಿನ ಮೇಲೆ ನಮ್ಮಲ್ಲಿ ಕಣ್ಣು ಬಿದ್ದದ್ದು ತುಂಬಾ ಹಿಂದೆ. 1954ರಲ್ಲೇ ಅದಕ್ಕೊಂದು ಕಾಯ್ದೆ ಬಂತು. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಅಂತ ಉದ್ದ ಹೆಸರು. ಅದರ ಪಟ್ಟಿಯಲ್ಲಿ 54 ಕಾಯಿಲೆ, ತೊಂದರೆಗಳಿವೆ: ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಲಕವಾ, ಮೂರ್ಛೆರೋಗ, ಬೊಜ್ಜು, ಕೊನೆಗೆ ಎತ್ತರ ಆಗುವುದೂ ಸೇರಿ. ಇವನ್ನು ಗುಣ ಮಾಡುತ್ತೇವೆ, ಬಾರದಂತೆ ತಡೆಯುತ್ತೇವೆ ಎಂದು ಯಾರೂ ಜಾಹೀರಾತು ಕೊಡಬಾರದು. ಮಂತ್ರ, ತಾಯಿತ, ಕವಚವನ್ನೂ ಕಾಯ್ದೆ ಬಿಟ್ಟಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಜಾಹೀರಾತು ಅಂದರೆ ಏನು ಎಂದು ಹೇಳುವ ಕಡೆ. ನೋಟೀಸು, ಲೇಬಲ್ಲು, ಹೊದಿಕೆ, ಬಾಯಲ್ಲಿ ಹೇಳಿದ್ದು, ಬೆಳಕಿನಿಂದ, ಶಬ್ದದಿಂದ, ಹೊಗೆಯಿಂದ ತಿಳಿಸಿದ್ದು ಎಲ್ಲವೂ ಜಾಹೀರಾತೇ. ಹೊಗೆ! ಆಕಾಶದಲ್ಲಿ ವಿಮಾನದ ಹೊಗೆಯಿಂದ ಬರೆದರೂ ಬಿಡುವುದಿಲ್ಲ ಎಂದು ಆವತ್ತೇ ಯೋಚಿಸಿದ್ದರು. ನಮ್ಮ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಮೈಕು ಹಿಡಿದು ಒಂದೇ ಬಾಟಲಿಯಲ್ಲಿ ಸಕ್ಕರೆ ಕಾಯಿಲೆಗೂ ಲಕವಾಕ್ಕೂ ಮದ್ದು ಎಂದು ಕೂಗಿದರೆ ಅದೂ ಈ ಕಾಯ್ದೆಯೊಳಗೇ ಬರುತ್ತದೆ. ಜಾತ್ರೆಯಲ್ಲಿ ಯಾರು ಕೇಳುತ್ತಾರೆ ಎನ್ನುವುದು ಬೇರೆ ಮಾತು.

ಈ ಕಾಯ್ದೆ ನಮ್ಮ ವಾಕ್ ಸ್ವಾತಂತ್ರ್ಯ ಕಸಿಯುತ್ತದೆ ಎಂದು ಹಮ್‌ದರ್ದ್ ದವಾಖಾನೆಯವರು ಸುಪ್ರೀಂ ಕೋರ್ಟಿಗೆ ಹೋದರು. 1959ರ ಡಿಸೆಂಬರಿನಲ್ಲಿ ತೀರ್ಪು ಬಂತು. ಕಾಯ್ದೆಯ ಒಂದೆರಡು ತುಂಡು ಬಿದ್ದುಹೋದವು, ತಿರುಳು ಉಳಿಯಿತು. ಸರಕು ಮಾರುವುದಕ್ಕಾಗಿ ಮಾಡುವ ಇಂಥ ಜಾಹೀರಾತನ್ನು ವಾಕ್ ಸ್ವಾತಂತ್ರ್ಯ ಎನ್ನಲಾಗದು ಎಂದು ಕೋರ್ಟು ಹೇಳಿತು.

ಈಗ ಅಮೆರಿಕಕ್ಕೆ ಬರೋಣ. ಯಾಕೆಂದರೆ ಬಾಗಿಲು ಪೂರ್ತಿ ತೆಗೆದರೆ ಏನಾಗುತ್ತದೆ ಎಂದು ನೋಡಲು ಅದೇ ಜಾಗ. ಚೀಟಿ ಔಷಧಿಯನ್ನು ಹೆಸರು ಹೇಳಿ ನೇರವಾಗಿ ಜನರಿಗೆ ಜಾಹೀರಾತು ಮಾಡಲು ಬಿಟ್ಟಿರುವ ಶ್ರೀಮಂತ ದೇಶಗಳು ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲೂ ಮೊದಲು ಇಷ್ಟು ಸಲೀಸಾಗಿ ಇರಲಿಲ್ಲ. ಅಡ್ಡಪರಿಣಾಮದ ವಿವರ ಎಲ್ಲ ಹೇಳಬೇಕಿತ್ತು. ಅರ್ಧ ನಿಮಿಷದ ಟಿವಿ ಜಾಹೀರಾತಿನಲ್ಲಿ ಅದು ಆಗುವ ಮಾತಲ್ಲ. 1997ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಸಡಿಲ ಬಿಟ್ಟಿತು. ಮುಖ್ಯವಾದ ಅಪಾಯ ಹೇಳಿ, ಉಳಿದದ್ದಕ್ಕೆ ಫೋನ್ ನಂಬರು, ವೆಬ್‌ಸೈಟು ಕೊಟ್ಟರೆ ಸಾಕು ಅಂದರು. ಅಲ್ಲಿಂದ ಶುರುವಾಯಿತು ನೋಡಿ. ಹೂದೋಟದಲ್ಲಿ ಅಜ್ಜ ಮೊಮ್ಮಗಳ ಜೊತೆ ಓಡುತ್ತಾನೆ, ಹಿಂದೆ ಇಂಪಾದ ಸಂಗೀತ, ಅದರ ನಡುವೆ ಒಂದು ಧ್ವನಿ ಗಡಿಬಿಡಿಯಲ್ಲಿ ಲಿವರ್ ಹಾಳಾಗಬಹುದು, ಪಾರ್ಶ್ವವಾಯು ಆಗಬಹುದು ಎಂದು ಹೇಳಿ ಮುಗಿಸುತ್ತದೆ.

ವಯಾಕ್ಸ್ ಎನ್ನುವ ಗಂಟುನೋವಿನ ಗುಳಿಗೆಯ ಕಥೆ ನಿಮಗೆ ಗೊತ್ತಿರಲಿ. ಒಳಗಿರುವ ಔಷಧಿ ರೋಫೆಕಾಕ್ಸಿಬ್. 1999ರಲ್ಲಿ ಪೇಟೆಗೆ ಬಂತು. ಹಳೇ ನೋವಿನ ಗುಳಿಗೆಗಳಿಗಿಂತ ಇದರಿಂದ ನೋವು ಜಾಸ್ತಿ ಕಡಿಮೆಯಾಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಕಡಿಮೆ ಎನ್ನುವುದೊಂದೇ ಇದರ ಹೆಚ್ಚುಗಾರಿಕೆ. ಹೊಟ್ಟೆಯ ತೊಂದರೆ ಇದ್ದವರಿಗೆ ಅದು ದೊಡ್ಡದೇ. ಉಳಿದವರಿಗೆ ಹಳೇ ಗುಳಿಗೆಯೇ ಸಾಕಿತ್ತು. ಆದರೆ ಜಾಹೀರಾತು ನೋಡುವವನ ಹೊಟ್ಟೆಯಲ್ಲಿ ಹುಣ್ಣಿದೆಯಾ ಇಲ್ಲವಾ ಎಂದು ಟಿವಿ ಕೇಳುವುದಿಲ್ಲ ಅಲ್ವಾ? ಒಲಿಂಪಿಕ್ಸ್ ಚಿನ್ನ ಗೆದ್ದ ಸ್ಕೇಟಿಂಗ್ ತಾರೆ ಡೊರೊತಿ ಹ್ಯಾಮಿಲ್ ಅದರ ಜಾಹೀರಾತಿನಲ್ಲಿ ಬಂದರು. 2000ದಲ್ಲಿ ಈ ಒಂದು ಗುಳಿಗೆಯನ್ನು ಜನರಿಗೆ ಪ್ರಚಾರ ಮಾಡಲು ಕಂಪನಿ ಸುಮಾರು 16 ಕೋಟಿ ಡಾಲರು ಸುರಿಯಿತು. ಆ ವರ್ಷ ಅಮೆರಿಕದಲ್ಲಿ ಪೆಪ್ಸಿಯ ಜಾಹೀರಾತಿಗೂ ಅಷ್ಟು ಖರ್ಚಾಗಿರಲಿಲ್ಲ. 2004ರ ಸೆಪ್ಟೆಂಬರ್ 30ಕ್ಕೆ ಕಂಪನಿಯೇ ಗುಳಿಗೆಯನ್ನು ಹಿಂದಕ್ಕೆ ಪಡೆಯಿತು. ಒಂದೂವರೆ ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಸುಮಾರು ಎರಡು ಪಟ್ಟು ಕಂಡಿತ್ತು.

ಒಂದು ಮಾತು ಸೇರಿಸಲೇಬೇಕು. ರೋಫೆಕಾಕ್ಸಿಬ್ ನಮ್ಮ ಶೆಲ್ಫಿನಲ್ಲೂ ಇತ್ತು. ಇಲ್ಲಿಯ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾಡಿದ್ದವು. ಅದೇ ವರ್ಷ ಡಿಸೆಂಬರಿನಲ್ಲಿ ಸರ್ಕಾರ ನಿಷೇಧಿಸಿದಾಗ ಉಳಿದ ಸ್ಟ್ರಿಪ್ಪುಗಳನ್ನು ಪೆಟ್ಟಿಗೆಗೆ ತುಂಬಿ ವಾಪಸ್ ಕಳಿಸಿದೆವು. ಟಿವಿ ಜಾಹೀರಾತು ಇಲ್ಲದೆಯೇ ಅದು ಇಲ್ಲಿಗೆ ಬಂದಿತ್ತು. ಬ್ಯಾಗು ಹಿಡಿದುಕೊಂಡು ಡಾಕ್ಟರ ಬಾಗಿಲಲ್ಲಿ ಕಾಯುವ ಎಂ.ಆರ್.ಗಳು, ಅಂದರೆ ಔಷಧಿ ಕಂಪನಿಯ ಪ್ರತಿನಿಧಿಗಳು, ತಂದಿದ್ದರು. ಹಾಗಾಗಿ ಜಾಹೀರಾತು ನಿಂತರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಡಾಕ್ಟರ ಮೇಲೆ ಕಂಪನಿ ಒಂದು ಕಡೆಯಿಂದ ಒತ್ತುತ್ತಿರುವಾಗ ಇನ್ನೊಂದು ಕಡೆಯಿಂದ ರೋಗಿಯೂ ಅದೇ ಹೆಸರು ಹೇಳಿ ಒತ್ತಿದರೆ ಆ ಡಾಕ್ಟರು ಎಷ್ಟು ಹೊತ್ತು ತಡೆದಾರು?

ಇದಕ್ಕೊಂದು ಒಳ್ಳೆಯ ಪರೀಕ್ಷೆ ನಡೆದಿದೆ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ನಟನೆ ಕಲಿತ ಹೆಂಗಸರನ್ನು ರೋಗಿಗಳ ಹಾಗೆ 152 ಡಾಕ್ಟರ ಹತ್ತಿರ ಕಳಿಸಿದರು. ಒಟ್ಟು 298 ಭೇಟಿ. ಅರ್ಧ ಜನ ನಿಜವಾದ ಖಿನ್ನತೆಯ ಲಕ್ಷಣ ಹೇಳಿದರು. ಉಳಿದವರು ಹೇಳಿದ್ದು ಬದುಕಿನ ಯಾವುದೋ ಕಷ್ಟದಿಂದ ಬಂದ ತಾತ್ಕಾಲಿಕ ಬೇಸರ, ಔಷಧಿ ಬೇಕು ಎಂದು ಗಟ್ಟಿಯಾಗಿ ಹೇಳಲಾಗದ್ದು. ಪ್ರತಿ ಗುಂಪಿನಲ್ಲೂ ಕೆಲವರು ಟಿವಿ ಜಾಹೀರಾತು ನೋಡಿದೆ ಎಂದು ಪ್ಯಾಕ್ಸಿಲ್ ಎನ್ನುವ ಗುಳಿಗೆಯ ಹೆಸರು ಹಿಡಿದು ಕೇಳಿದರು. ಕೆಲವರು ಖಿನ್ನತೆಯ ಬಗ್ಗೆ ಒಂದು ಕಾರ್ಯಕ್ರಮ ನೋಡಿದೆ, ಔಷಧಿಯಿಂದ ಪ್ರಯೋಜನ ಇದೆಯಾ ಎಂದು ಕೇಳಿದರು. ಕೆಲವರು ಏನೂ ಕೇಳಲಿಲ್ಲ.

ಬರೀ ಬೇಸರ ಇದ್ದವರನ್ನು ನೋಡಿ. ಏನೂ ಕೇಳದವರಲ್ಲಿ ಖಿನ್ನತೆಯ ಗುಳಿಗೆ ಬರೆಸಿಕೊಂಡವರು ನೂರಕ್ಕೆ 10. ಸುಮ್ನೆ ಔಷಧಿ ಎಂದು ಕೇಳಿದವರಲ್ಲಿ 39. ಹೆಸರು ಹಿಡಿದು ಕೇಳಿದವರಲ್ಲಿ 55. ಅದೇ ಊರುಗಳು, ಅದೇ ತರಬೇತಿಯ ಡಾಕ್ಟರು, ಅದೇ ಲಕ್ಷಣ. ಬದಲಾದದ್ದು ರೋಗಿಯ ಬಾಯಿಂದ ಬಂದ ಒಂದು ಮಾತು.

ಕಂಪನಿಯವರೂ ಇದೇ ಅಧ್ಯಯನವನ್ನು ತೋರಿಸುತ್ತಾರೆ. ಅವರಿಗೂ ಅದರಲ್ಲಿ ಹಕ್ಕಿದೆ. ನಿಜವಾಗಿ ಖಿನ್ನತೆ ಇದ್ದವರಲ್ಲಿ ಏನೂ ಕೇಳದಿದ್ದಾಗ ಔಷಧಿ ಸಿಕ್ಕಿದ್ದು ನೂರಕ್ಕೆ 31 ಜನರಿಗೆ ಮಾತ್ರ. ಹೆಸರು ಹಿಡಿದು ಕೇಳಿದಾಗ 53 ಆಯಿತು. ನೋಡಿ, ಜಾಹೀರಾತಿನಿಂದ ಒಳ್ಳೆಯದೂ ಆಯಿತು ಎನ್ನುತ್ತಾರೆ. ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಹೆಸರು ಹೇಳದೆ ಕಾಯಿಲೆಯ ಬಗ್ಗೆ ಕೇಳಿದವರಲ್ಲಿ ಆ ಲೆಕ್ಕ 76! ನಿಜವಾದ ರೋಗಿಗೆ ಹೆಚ್ಚು ಉಪಕಾರ ಮಾಡಿದ್ದು ಕಾಯಿಲೆಯ ತಿಳಿವಳಿಕೆ, ಗುಳಿಗೆಯ ಹೆಸರು ಅಲ್ಲ. ರೋಗ ಇಲ್ಲದವನಿಗೆ ಗುಳಿಗೆ ನುಂಗಿಸಿದ್ದರಲ್ಲಿ ಹೆಸರಿನ ಪಾಲೇ ದೊಡ್ಡದು. ನಾನು ಇವತ್ತು ಹೇಳುವುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ಹಾಗಾದರೆ ಕಾಯಿಲೆಯ ಬಗ್ಗೆ ಮಾತ್ರ ಹೇಳುವ ಜಾಹೀರಾತು ಪರವಾಗಿಲ್ಲವಾ? ಇಲ್ಲೇ ತೊಡಕು ಇರುವುದು. ತೂಕ ಇಳಿಸುವ ಇಂಜೆಕ್ಷನ್‌ಗಳು ನಮ್ಮ ದೇಶಕ್ಕೆ ಬಂದವು, 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ. ಅದರ ಹಿಂದೆಮುಂದೆಯೇ ಬೊಜ್ಜು ಒಂದು ಕಾಯಿಲೆ, ಡಾಕ್ಟರನ್ನು ಕೇಳಿ ಎನ್ನುವ ಜಾಗೃತಿ ಪ್ರಚಾರವೂ ಬಂತು. ಔಷಧಿಯ ಹೆಸರು ಇಲ್ಲ. ಹೇಳಿದ್ದರಲ್ಲಿ ಸುಳ್ಳೂ ಇಲ್ಲ, ಬೊಜ್ಜು ಕಾಯಿಲೆ ಹೌದು. ಆದರೆ ಔಷಧಿ ಮಾರುವ ಕಂಪನಿಯೇ ಅದಕ್ಕೆ ದುಡ್ಡು ಹಾಕಿದರೆ, ಡಾಕ್ಟರನ್ನು ಕೇಳಿದ ಮೇಲೆ ಸಿಗುವ ಉತ್ತರಗಳಲ್ಲಿ ತನ್ನ ಇಂಜೆಕ್ಷನ್ನೂ ಒಂದು ಎಂದು ಅದಕ್ಕೆ ಗೊತ್ತಿರುತ್ತದೆ. ಬೊಜ್ಜು 1954ರ ಪಟ್ಟಿಯಲ್ಲೇ ಇದೆ ಎಂದು ಆಗಲೇ ಹೇಳಿದೆ. ಗುಣ ಮಾಡುತ್ತೇವೆ ಎಂದು ಹೇಳದೆ, ಬರೀ ಕಾಯಿಲೆ ಇದೆ ಎಂದರೆ ಆ ಕಾಯ್ದೆ ಕೈ ಚೆಲ್ಲುತ್ತದೆ.

ಮದ್ಯದ ಕಂಪನಿ ಸೋಡಾ ಜಾಹೀರಾತು ಕೊಡುವುದು ನಿಮಗೆಲ್ಲ ಗೊತ್ತು. ಇಂಥ ಹಿಂಬಾಗಿಲ ಜಾಹೀರಾತನ್ನು 2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಷೇಧಿಸಿತು. ಕಾನೂನು ತಡೆದ ಸರಕನ್ನು ಬೇರೆ ಸರಕಿನ ವೇಷದಲ್ಲಿ ತೋರಿಸಬಾರದು ಎನ್ನುವುದು ಅದರ ತಾತ್ಪರ್ಯ. ಔಷಧಿ ಮಾರುವವರು ದುಡ್ಡು ಹಾಕಿದ ‘ಜಾಗೃತಿ’ಯನ್ನೂ ಇದೇ ಕಣ್ಣಿನಿಂದ ನೋಡಬೇಕು ಎನ್ನುವುದು ನನ್ನ ವಾದ. ಹೆಸರು ಇದೆಯಾ ಇಲ್ಲವಾ ಎಂದು ಹುಡುಕುವುದು ಬಿಟ್ಟು, ದುಡ್ಡು ಯಾರದ್ದು ಎಂದು ಕೇಳಬೇಕು.

ನಮ್ಮ ಕರಾವಳಿಯ ಕಥೆ ಇನ್ನೊಂದು ತರ. ಇಲ್ಲಿ ಹಾಳು ಮಾಡಿದ್ದು ಗುಳಿಗೆಗಿಂತ ಹೆಚ್ಚು ಕ್ರೀಮು. ಕುಮಟಾ, ಅಂಕೋಲಾ ಕಡೆಯ ಸೆಖೆ, ಘಟ್ಟದ ಮೇಲೆ ನಮ್ಮ ಮಳೆಗಾಲ. ಒದ್ದೆ ಬಟ್ಟೆಯಲ್ಲೇ ತೋಟದ ಕೆಲಸ, ದೋಣಿಯ ಕೆಲಸ. ತೊಡೆಸಂದಿಯಲ್ಲಿ, ಸೊಂಟದ ಸುತ್ತ ಗಜಕರ್ಣ ಏಳುತ್ತದೆ. ಜನ ಕೇಳಿ ತೆಗೆದುಕೊಂಡು ಹೋಗುವ ಟ್ಯೂಬಿನಲ್ಲಿ ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೊಬೆಟಸಾಲ್‌ನಂಥ ಭಾರೀ ಸ್ಟಿರಾಯ್ಡು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ನಿಲ್ಲಿಸಿದ್ದು ಸ್ಟಿರಾಯ್ಡು. ಫಂಗಸ್ಸು ಮಾತ್ರ ಒಳಗೊಳಗೆ ಅಗಲವಾಗುತ್ತಾ ಹೋಗುತ್ತದೆ. ಕ್ರೀಮು ಬಿಟ್ಟರೆ ಮೊದಲಿಗಿಂತ ಜೋರಾಗಿ ಏಳುತ್ತದೆ, ಅದಕ್ಕೆ ಮತ್ತೆ ಅದೇ ಟ್ಯೂಬು. ಕೆಲವು ತಿಂಗಳು ಕಳೆದರೆ ತೊಡೆಯ ಚರ್ಮ ತೆಳ್ಳಗಾಗಿ ಕೆಂಪು, ನೇರಳೆ ಬಣ್ಣದ ಬಿರುಕಿನ ಗೆರೆಗಳು ಬೀಳುತ್ತವೆ. ಆ ಗೆರೆಗಳು ಪೂರ್ತಿ ಹೋಗುವುದಿಲ್ಲ. ಮುಖ ಬೆಳ್ಳಗಾಗಲಿ ಎಂದು ಇಂಥದ್ದನ್ನೇ ಹಚ್ಚಿಕೊಂಡ ಹುಡುಗಿಯರ ಕೆನ್ನೆ ಬಿಸಿಲಿಗೆ ಹೋದರೆ ಉರಿಯುತ್ತದೆ, ಕೆಂಪಾಗುತ್ತದೆ, ಬೇಡದ ಕಡೆ ಕೂದಲು ಬರುತ್ತದೆ.

ಇದು ಹೇಗೆ ಆಯಿತು? ಮೈಮೇಲೆ ಹಚ್ಚುವ ಸ್ಟಿರಾಯ್ಡು ತುಂಬಾ ಕಾಲ ಚೀಟಿಯ ಕಟ್ಟುಪಾಡಿನಿಂದ ಹೊರಗೆ ಉಳಿದಿತ್ತು. ಪಟ್ಟಿಯ ಅಡಿಟಿಪ್ಪಣಿಯೊಂದು ಅದಕ್ಕೆ ದಾರಿ ಬಿಟ್ಟಿತ್ತು. ಇಂಥ ಮಿಶ್ರಣದ ಕ್ರೀಮುಗಳು ಕಲೆ ಹೋಗುತ್ತದೆ, ಮುಖ ಹೊಳೆಯುತ್ತದೆ ಎಂದು ಟಿವಿಯಲ್ಲೇ ಬಂದವು. ಚರ್ಮರೋಗ ತಜ್ಞರ ಸಂಘದವರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಅಂಥ 14 ಸ್ಟಿರಾಯ್ಡುಗಳನ್ನು ಶೆಡ್ಯೂಲ್ ಎಚ್ ಒಳಗೆ ತಂದರು. ಒಳ್ಳೆಯದಾಯಿತು. ಆದರೆ ಅಷ್ಟರಲ್ಲಿ ಹೆಸರುಗಳು ಮನೆಮಾತಾಗಿದ್ದವು. ನಿಯಮ ಬಂದ ಮೇಲೂ ಅಮ್ಮಂದಿರು ಮಗನ ಕೈಯಲ್ಲಿ ಖಾಲಿ ಟ್ಯೂಬು ಕೊಟ್ಟು ಕಳಿಸುತ್ತಾರೆ. ಜಾಹೀರಾತು ನಿಂತು ಎಷ್ಟು ವರ್ಷವಾದರೂ ಆ ಹೆಸರು ಬಾಯಿಂದ ಹೋಗುವುದಿಲ್ಲ. ಅದಕ್ಕೇ ಜಾಹೀರಾತನ್ನು ಮೊದಲೇ ತಡೆಯಬೇಕು ಎನ್ನುವುದು, ಆಮೇಲೆ ದಂಡ ಹಾಕಿ ಏನೂ ಪ್ರಯೋಜನ ಇಲ್ಲ.

ಮೊದಲೇ ತಡೆಯುವ ನಿಯಮ ಆಯುರ್ವೇದ, ಸಿದ್ಧ, ಯುನಾನಿ ಔಷಧಿಗೆ ಇತ್ತು. 170ನೇ ನಿಯಮ, 2018ರ ಕೊನೆಗೆ ಬಂತು. ಜಾಹೀರಾತು ಹಾಕುವ ಮುಂಚೆ ರಾಜ್ಯದ ಲೈಸೆನ್ಸ್ ಅಧಿಕಾರಿಯ ಒಪ್ಪಿಗೆ ಪಡೆಯಬೇಕಿತ್ತು. 2023ರ ಆಗಸ್ಟಿನಲ್ಲಿ ಆಯುಷ್ ಸಚಿವಾಲಯ ಅದರಡಿ ಕ್ರಮ ಬೇಡ ಎಂದು ರಾಜ್ಯಗಳಿಗೆ ಪತ್ರ ಬರೆಯಿತು, 2024ರ ಜುಲೈಯಲ್ಲಿ ನಿಯಮವನ್ನೇ ತೆಗೆದುಹಾಕಿತು. ಹಾಗೆ ತೆಗೆದುಹಾಕಿದ್ದಕ್ಕೆ ಸುಪ್ರೀಂ ಕೋರ್ಟು ಪತಂಜಲಿ ಜಾಹೀರಾತಿನ ಪ್ರಕರಣದಲ್ಲಿ ತಡೆ ಕೊಟ್ಟಿತ್ತು. 2025ರ ಆಗಸ್ಟಿನಲ್ಲಿ ಪ್ರಕರಣ ಮುಗಿಯಿತು, ನಿಯಮ ಮರಳಿ ಬರಲಿಲ್ಲ. ಅದೇ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಪತಂಜಲಿ 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದಾಗ, ನಿಮ್ಮ ಜಾಹೀರಾತು ಎಷ್ಟು ದೊಡ್ಡದಿತ್ತೋ ಕ್ಷಮಾಪಣೆಯೂ ಅಷ್ಟೇ ದೊಡ್ಡದಿದೆಯಾ ಎಂದು ನ್ಯಾಯಮೂರ್ತಿಗಳು ಕೇಳಿದ್ದು ನೆನಪಿರಬಹುದು. ಕೇಳಿದ್ದು ಚೆನ್ನಾಗಿತ್ತು. ಆದರೆ ಜಾಹೀರಾತು ನಂಬಿ ಇನ್ಸುಲಿನ್ ಬಿಟ್ಟವನು ಕ್ಷಮಾಪಣೆಯ ಅಳತೆ ನೋಡುತ್ತಾ ಕೂರುವುದಿಲ್ಲ.

ಇದನ್ನು ಹೇಳಿದರೆ ಹಳ್ಳಿ ಮದ್ದಿನ ವಿರೋಧಿ ಅಂದುಕೊಳ್ಳಬೇಡಿ. ಅಂಕೋಲೆ ಹತ್ತಿರದ ಬೆಳಂಬಾರಕ್ಕೆ ಲಕವಾ ಔಷಧಿಗೆಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದು ಬಾಯಿಂದ ಬಾಯಿಗೆ ಹೋದ ಹೆಸರು. ಅದರ ಗುಣದ ಬಗ್ಗೆ ಮಾತಾಡುವುದು ನನ್ನ ಕೆಲಸ ಅಲ್ಲ. ನನ್ನ ತಕರಾರು ಇರುವುದು ದುಡ್ಡು ಕೊಟ್ಟು ಎಬ್ಬಿಸಿದ ಸದ್ದಿನ ಮೇಲೆ.

ಇಲ್ಲಿ ಒಬ್ಬರು ನಿವೃತ್ತ ಮಾಸ್ತರರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ‘ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಯೇ ಇಲ್ಲ. ಏನಾದರೂ ಆದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುತ್ತೇವೆ. ತಜ್ಞರು ಸಿಗದ ಕಡೆ ಜಾಹೀರಾತಾದರೂ ನಾಲ್ಕು ವಿಷಯ ಹೇಳುತ್ತದಲ್ಲ, ಅದನ್ನೂ ಯಾಕೆ ಮುಚ್ಚಿಸುತ್ತೀರಿ?’

ನ್ಯಾಯವಾದ ಪ್ರಶ್ನೆ. 2022ರಲ್ಲಿ ನಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜಿಲ್ಲೆಗೆ ಜಿಲ್ಲೆಯೇ ಮೊಬೈಲಿನಲ್ಲಿ ಕೂಗಿತ್ತು. ಆ ಕೊರತೆ ನಿಜ. ಆದರೆ ಅದನ್ನು ತುಂಬುವುದು ಜಾಹೀರಾತಿನಿಂದ ಆಗುವುದಿಲ್ಲ. ತಜ್ಞರು ದೂರ ಇದ್ದಷ್ಟೂ ಜಾಹೀರಾತಿನ ಮಾತನ್ನು ಸರಿಪಡಿಸುವವರೂ ದೂರ ಇರುತ್ತಾರೆ. ಮಂಗನ ಕಾಯಿಲೆಯನ್ನು ನೋಡಿ. ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲಿ ಜೋರಾಗಿತ್ತು, ಸಾವೂ ಆಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳಿದ್ದು ಏನು? ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗುವ ಮುಂಚೆ, ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿ. ವಾಪಸ್ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಉಣುಗು ಹತ್ತಿದೆಯಾ ನೋಡಿಕೊಳ್ಳಿ. ಮಂಗ ಸತ್ತದ್ದು ಕಂಡರೆ ಆಸ್ಪತ್ರೆಗೆ ತಿಳಿಸಿ. ಎಣ್ಣೆಯನ್ನು ಇಲಾಖೆಯೇ ಹಂಚಿತು. ಕಾಯಿಲೆಯ ತಿಳಿವಳಿಕೆ ಹೀಗೂ ಕೊಡಬಹುದು. ಕೊಟ್ಟವರಿಗೆ ಮಾರುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ಮಾತಿನಲ್ಲಿ ಹೆದರಿಕೆಯೂ ಆಸೆಯೂ ಜಾಸ್ತಿ ಇರಲಿಲ್ಲ.

ಹೇಗಿರಬೇಕು ಎಂದರೆ, ನನ್ನ ಅಭಿಪ್ರಾಯ ಇಷ್ಟು. ಔಷಧಿ ಕಂಪನಿಗಳು ಕಾಯಿಲೆಯ ಬಗ್ಗೆ ಜನರಿಗೆ ತಿಳಿಸಬೇಕು ಎಂದಿದ್ದರೆ ದುಡ್ಡನ್ನು ಒಂದು ಸಾರ್ವಜನಿಕ ನಿಧಿಗೆ ಹಾಕಲಿ, ಮಾತನ್ನು ಬರೆಯುವುದು ಆರೋಗ್ಯ ಇಲಾಖೆಯ ಕೈಯಲ್ಲಿರಲಿ. ವಿಡಿಯೋ ಮಾಡುವ ಡಾಕ್ಟರು, ನಟರು ದುಡ್ಡು ಪಡೆದಿದ್ದರೆ ಚೀಟಿ ಔಷಧಿಯ ಮಾತೇ ಎತ್ತಬಾರದು. ಹಳೇ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ. 2020ರಲ್ಲಿ ಕೇಂದ್ರ ಒಂದು ಕರಡು ಹೊರಡಿಸಿತ್ತು: ಪಟ್ಟಿ 78ಕ್ಕೆ ಏರಿಕೆ, ಮೈ ಬೆಳ್ಳಗಾಗಿಸುವುದೂ ಅದರಲ್ಲಿ, ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, 10 ಲಕ್ಷದವರೆಗೆ ದಂಡ. ಅದು ಕರಡಾಗಿಯೇ ಉಳಿಯಿತು.

ಕೊನೆಗೆ ಒಬ್ಬ ಕಾಲೇಜು ಹುಡುಗ ಕೇಳಿದ, ‘ಸರ್, ನೀವೂ ಮಾರೋರೇ ಅಲ್ವಾ?’ ಸಭೆ ನಕ್ಕಿತು. ಹೌದು, ಮಾರುವವನೇ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿಗೆ ನನಗೆ ಸಿಗುವ ಲಾಭಾಂಶ ಶೇಕಡಾ 16. ಜಾಹೀರಾತು ನೋಡಿ ಬಂದ ಗಿರಾಕಿಯಿಂದ ನನ್ನ ಗಲ್ಲಾ ತುಂಬುತ್ತದೆ, ಅದರಲ್ಲಿ ಸುಳ್ಳು ಹೇಳಲು ಏನಿದೆ? ಅದಕ್ಕೇ ಔಷಧಿಯ ಬಗ್ಗೆ ಜನರಿಗೆ ತಿಳಿಸುವ ಕೆಲಸವನ್ನು ನನ್ನಂಥವನಿಗೂ ಪೂರ್ತಿ ಬಿಟ್ಟುಕೊಡಬೇಡಿ ಎಂದೆ. ಹುಡುಗ ಬಿಡಲಿಲ್ಲ, ದೂರು ಎಲ್ಲಿ ಕೊಡುವುದು ಎಂದು ಕೇಳಿದ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ಅದರಲ್ಲಿ ಕಾಣಿಸಿಕೊಂಡ ತಾರೆಯನ್ನೂ ಒಂದು ವರ್ಷ ಜಾಹೀರಾತಿನಿಂದ ದೂರ ಇಡಬಹುದು. ಔಷಧ ನಿಯಂತ್ರಣ ಇಲಾಖೆಗೂ ಬರೆಯಿರಿ. ಪತ್ರಿಕೆಯದ್ದಾದರೆ ಜಾಹೀರಾತನ್ನಷ್ಟೇ ಕತ್ತರಿಸಬೇಡಿ, ಪುಟದ ಮೇಲಿನ ತಾರೀಕು, ಪತ್ರಿಕೆಯ ಹೆಸರು ಕಾಣುವ ಹಾಗೆ ಇಡೀ ಹಾಳೆಯ ಫೋಟೊ ತೆಗೆಯಿರಿ. ಮೊಬೈಲಿನ ವಿಡಿಯೋ ಆದರೆ ಹಾಕಿದವರ ಖಾತೆಯ ಹೆಸರು ಸ್ಕ್ರೀನ್‌ಶಾಟಿನಲ್ಲಿ ಬರಲಿ. ದೂರು ಹೋಗುವಷ್ಟರಲ್ಲಿ ಅವರು ಅಳಿಸಿರುತ್ತಾರೆ.